ಶಿವರತ್ನಮ್ಮನವರ ಅಳತೆಕಡ್ಡಿಗಳು

ಕೌದಳ್ಳಿಯ ಶಾಲೆಯಲ್ಲಿ ನನ್ನ ಒಂದನೇ ತರಗತಿಗೂ ಶಿವರತ್ನಮ್ಮನವರ ಬಾಲವಾಡಿಗೂ ನಡುವೆ ಇದ್ದದ್ದು ಒಂದು ಬಿದಿರಿನ ತಡಿಕೆ ಅಷ್ಟೆ. ಅದಕ್ಕೆ ಮೆತ್ತಿದ್ದ ಸಗಣಿ ಅಲ್ಲಲ್ಲಿ ಉದುರಿ ಬೆಳಕು ತೂರಿಬರುತ್ತಿತ್ತು. ಈ ಕಡೆ ನಾನು ಬೆತ್ತ ಹಿಡಿದು ಮಗ್ಗಿ ಹೇಳಿಸುತ್ತಿದ್ದರೆ ಆ ಕಡೆಯಿಂದ ಎಳೆ ಗಂಟಲುಗಳು ಒಟ್ಟಿಗೆ, ಮೆಲ್ಲಗೆ, "ದೊಡ್ಡದೂ... ಅದಕ್ಕಿಂತ ಚಿಕ್ಕದೂ... ಅದಕ್ಕಿಂತ ಚಿಕ್ಕದೂ..." ಎಂದು ಇಳಿಯುತ್ತಾ ಇಳಿಯುತ್ತಾ ಕೊನೆಗೆ ಕೇಳಿಸದ ಹಾಗೆ ಆಗಿಬಿಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅದನ್ನು ಕೇಳಿ ಕೇಳಿ ನನ್ನ ಹುಡುಗರು ತೂಕಡಿಸುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ತೂಕಡಿಸುತ್ತಿದ್ದೆ.

ನಾನು ಮುಂಗೋಪಿ ಮನುಷ್ಯ. ಮಾದಸ್ವಾಮಿ ಎಂಬ ನನ್ನ ಹೆಸರನ್ನು ಬಿಟ್ಟು ಆ ಊರಿನ ಮಕ್ಕಳು ನನ್ನನ್ನು ಒಣಮೆಣಸಿನಕಾಯಿ ಮೇಷ್ಟ್ರು ಎನ್ನುತ್ತಿದ್ದದ್ದು ನನಗೂ ಗೊತ್ತಿತ್ತು. ಬಾಲವಾಡಿ ಶುರುವಾದ ಹೊಸದರಲ್ಲಿ ಶಿವರತ್ನಮ್ಮನವರ ಎದುರಿಗೇ ಹೇಳಿದ್ದೆ: ದೊಡ್ಡದು ಯಾವುದು ಚಿಕ್ಕದು ಯಾವುದು ಅಂತ ಹೇಳಿಕೊಡೋದಕ್ಕೆ ಸರ್ಕಾರ ಸಂಬಳ ಕೊಟ್ಟು ಒಬ್ಬರನ್ನು ಕಳಿಸಬೇಕೆ, ಒಬ್ಬಟ್ಟಿನ ತಟ್ಟೆ ಮುಂದಿಟ್ಟರೆ ಯಾವ ಮಗು ತಾನೆ ಚಿಕ್ಕದನ್ನು ಎತ್ತಿಕೊಳ್ಳುತ್ತದೆ ಎಂದು. ಅವರು ನಕ್ಕರು. "ದೊಡ್ಡದು ಅಂತ ಗೊತ್ತು ಮೇಷ್ಟ್ರೆ. ಎಷ್ಟು ದೊಡ್ಡದು ಅಂತ ಗೊತ್ತಾ?" ಎಂದರು. ನನಗೆ ಸಿಟ್ಟು ಬಂತು, ಬೆತ್ತ ಎತ್ತಿಕೊಂಡು ತಡಿಕೆಯ ಈಚೆಗೆ ಬಂದುಬಿಟ್ಟೆ.

ಅವರು ಯಳಂದೂರಿನವರು. ತಂದೆಗೆ ಅಲ್ಲಿ ಬೆಲ್ಲದ ವ್ಯಾಪಾರ. ಮದುವೆಯ ಮಾತು ಒಂದೆರಡು ಕಡೆ ಬಂದು ಮುರಿದ ಮೇಲೆ ಹಟ ಹಿಡಿದು ಬಾಲಸೇವಿಕೆ ತರಬೇತಿಗೆ ಹೋದರಂತೆ. ಅರವತ್ತೈದನೇ ಇಸವಿಯಲ್ಲಿ, ಒಂದು ಟ್ರಂಕು ಹಿಡಿದುಕೊಂಡು ಹನೂರಿನಲ್ಲಿ ಬಸ್ಸು ಬದಲಾಯಿಸಿ ನಮ್ಮೂರಿಗೆ ಬಂದಿಳಿದಾಗ ಇಪ್ಪತ್ತೆರಡು ಇಪ್ಪತ್ಮೂರು ಇದ್ದಿರಬಹುದು. ಸಣ್ಣ ಆಳು, ಸಣ್ಣ ದನಿ. ಆಮೇಲೆ ಹನೂರಿನಲ್ಲಿ, ಕೊಳ್ಳೇಗಾಲದಲ್ಲಿ ಚಿಕ್ಕಮಕ್ಕಳ ನಡುವೆಯೇ ತಲೆ ನರೆಸಿಕೊಂಡರು, ಮದುವೆಯಾಗಲಿಲ್ಲ. ಅವರ ಕೈಯಲ್ಲಿ ಕಲಿತವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ನಾನು ಹೇಳಬೇಕೆಂದಿರುವುದು ಆ ಮೊದಲ ವರ್ಷದ ಸಂಗತಿ. ಅದನ್ನು ದಾಟದಿದ್ದರೆ ಮಿಕ್ಕ ವರ್ಷಗಳೇ ಇರುತ್ತಿರಲಿಲ್ಲ.

ಬ್ಲಾಕ್ ಆಫೀಸಿನಿಂದ ಬಾಲವಾಡಿಗೆ ಒಂದು ಪೆಟ್ಟಿಗೆ ಬಂದಿತ್ತು. ಒಳಗೆ ಬಣ್ಣ ಬಳಿದ ಮರದ ತುಂಡುಗಳು, ಒಂದಕ್ಕಿಂತ ಒಂದು ಚಿಕ್ಕವು, ಒಂದರ ಮೇಲೊಂದಿಟ್ಟರೆ ಗೋಪುರವಾಗುವಂಥವು. ಪಂಚಾಯ್ತಿ ಚೇರ್ಮನ್ ಚಿಕ್ಕಮಾದಪ್ಪನವರು ಅದನ್ನು ತೆಗೆದು ನೋಡಿ, ಕೈಯಲ್ಲಿ ಸವರಿ, "ಮಕ್ಳ ಕೈಗ್ ಕೊಟ್ರೆ ಸವ್ದೋಯ್ತವೆ ಕಣವ್ವ. ಸಾಹೇಬ್ರು ಬಂದಾಗ ತೋರ್ಸಕ್ಕೆ ಇರ್ಲಿ ಬುಡು" ಎಂದು ತಮ್ಮ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಟದ ಸಾಮಾನು ಬೀರುವಿನಲ್ಲಿ, ಆಡುವ ಮಕ್ಕಳು ಬೀದಿಯಲ್ಲಿ. ಈಗಲೂ ನೆನೆದರೆ ನನಗೆ ರೇಗುತ್ತದೆ. ಶಿವರತ್ನಮ್ಮನವರು ಮಾತ್ರ ರೇಗಲಿಲ್ಲ. ಚೀಲ ಹಿಡಿದು ಊರೊಳಕ್ಕೆ ಹೊರಟರು.

ಬಳೆಗಾರನ ಹತ್ತಿರ ಒಡೆದ ಜೋಡಿಯ ಒಂಟಿ ಬಳೆಗಳನ್ನು ಬೇಡಿ ತಂದರು. ಹಸುಗೂಸಿನದು, ಹುಡುಗಿಯದು, ಮದುವಣಗಿತ್ತಿಯದು, ದಪ್ಪ ಕೈಯ ಗೌಡತಿಯದು. ಕಾಡಿನ ಕಡೆಯಿಂದ ಬರುವ ಗಾಡಿಯವರಿಂದ ಬಿದಿರು ಕೊಂಡು ಬೊಂಬುಗಳನ್ನು ಉದ್ದ ಗಿಡ್ಡ ಕತ್ತರಿಸಿದರು. ಹಳ್ಳದಿಂದ ನುಣುಪು ಕಲ್ಲು, ಹಿತ್ತಲುಗಳಿಂದ ಹರಳುಬೀಜ, ಹೊಂಗೆಬೀಜ, ಹುಣಸೆಬೀಜ. ಒಣಗಿದ ಸೋರೆಬುರುಡೆಗಳಂತೂ ಮೂಲೆಯಲ್ಲಿ ಒಂದು ಸಂಸಾರವೇ ಕೂತ ಹಾಗೆ ಕೂತಿದ್ದವು. ಊರಿನವರು, ಪಾಪ, ಯಳಂದೂರಿನ ಹುಡುಗಿಗೆ ತಲೆ ಸರಿಯಿಲ್ಲ ಎಂದುಕೊಂಡರು.

ಒಂದು ಮಧ್ಯಾಹ್ನ ಆ ಕಡೆ ತೀರಾ ಸದ್ದಡಗಿತ್ತು. ನಾನು ತಡಿಕೆಯ ತೂತಿಗೆ ಕಣ್ಣಿಟ್ಟೆ. ಮಕ್ಕಳೆಲ್ಲ ಸುತ್ತಲೂ ಚಕ್ಕಳಮಕ್ಕಳ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ನಡುವೆ ಬಳೆಗಳು, ಬೊಂಬುಗಳು. ಹೆಂಚಿನ ಸಂದಿಯಿಂದ ಬಿಸಿಲು ಬಿದ್ದು ಧೂಳು ನಿಧಾನವಾಗಿ ಏರುತ್ತಿತ್ತು. ಆ ಬೆಳಕಿನಲ್ಲಿ ಪುಟ್ಟ ಪುಟ್ಟ ಕೈಗಳು ನೀರಿನೊಳಗೆ ತಡಕಾಡುವಂತೆ ಒಂದೊಂದನ್ನೇ ಮುಟ್ಟಿ, ಸವರಿ, ಬಿಟ್ಟು, ಮತ್ತೆ ಮುಟ್ಟಿ ಸಾಲಿಗೆ ಜೋಡಿಸುತ್ತಿದ್ದವು. ಯಾರಿಗೂ ಅವಸರವಿಲ್ಲ. ಶಿವರತ್ನಮ್ಮನವರೂ ಕಣ್ಣು ಮುಚ್ಚಿಕೊಂಡಿದ್ದರು. ಎಷ್ಟು ಹೊತ್ತು ನೋಡುತ್ತಾ ನಿಂತೆನೋ ತಿಳಿಯದು. ನನ್ನ ಬೆನ್ನ ಹಿಂದೆ ಒಂದನೇ ತರಗತಿ ಗೋಲಿ ಆಡತೊಡಗಿತ್ತು. ಅಂದಿನಿಂದ ಅವರನ್ನು ನಾನು ಹಂಗಿಸಲಿಲ್ಲ.

ಆ ಮಕ್ಕಳಲ್ಲಿ ಪುಟ್ಟಬಸಮ್ಮ ಎಂಬ ಹುಡುಗಿ ಒಬ್ಬಳು. ವಯಸ್ಸು ಐದು, ನೋಡಿದರೆ ಮೂರು ಎನ್ನಬೇಕು. ಅವಳ ತಂದೆ ಸದಾಶಿವಪ್ಪ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಅದೇ ಜ್ವರ ಮಗುವಿಗೂ ಬಂದು, ಜೀವ ಉಳಿದಿತ್ತು, ಬೆಳವಣಿಗೆ ನಿಂತಿತ್ತು. ಮನೆಯಲ್ಲಿ ಏನು ಕೊಟ್ಟರೂ ಬಾಯಿ ಬಿಡುತ್ತಿರಲಿಲ್ಲ. ಬಾಲವಾಡಿಯಲ್ಲಿ ಮಾತ್ರ ನಾಲ್ಕು ಮಕ್ಕಳ ಜೊತೆ ಕೂತು ಗೋಧಿನುಚ್ಚಿನ ಉಪ್ಪಿಟ್ಟು ತಿಂದು, ಪುಡಿಹಾಲು ಕುಡಿದು, ಲೋಟ ನೆಕ್ಕಿ ಇಡುತ್ತಿದ್ದಳು. ಅಜ್ಜಿ ವೀರಮ್ಮ ದಿನವೂ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಬಿಡುತ್ತಿದ್ದರು. ವೀರಮ್ಮ ಊರಿಗೆ ದೊಡ್ಡ ಮನೆಯ ಹಿರಿಯರು. ಕಣ್ಣಿಗೆ ಪೊರೆ ಬಂದಿದ್ದರೂ ಗೋಡೆ ಸವರಿಕೊಂಡು ಇಡೀ ಊರು ತಿರುಗುವವರು. ಅವರು ಮೊಮ್ಮಗಳನ್ನು ಕಳಿಸಿದ್ದರಿಂದಲೇ ಮಿಕ್ಕವರೂ ಮಕ್ಕಳನ್ನು ಕಳಿಸಿದ್ದರು.

ನಮ್ಮ ಸೀಮೆ ಐವತ್ತಾರರವರೆಗೆ ಮದರಾಸಿಗೆ ಸೇರಿತ್ತಲ್ಲ, ಮುದುಕರು ರಾಗಿಯನ್ನು ಇನ್ನೂ ಪಡಿಯಲ್ಲಿ ಅಳೆಯುತ್ತಿದ್ದರು. ಯಳಂದೂರಿನ ಶಿವರತ್ನಮ್ಮ ಸೇರು ಎನ್ನುತ್ತಿದ್ದರು. ಅಂಗಡಿಯವನು ಹೊಸದಾಗಿ ಕಿಲೋ ಎನ್ನುತ್ತಿದ್ದ. ಮೂರಕ್ಕೂ ತಾಳೆ ಹಾಕಲಾರದೆ ಊರಿಗೆ ಊರೇ ತಲೆ ಕೆರೆದುಕೊಳ್ಳುತ್ತಿತ್ತು. ಇಂಥ ಕಡೆ ಮಕ್ಕಳಿಗೆ ಅಳತೆ ಎಂದರೇನೆಂದು ತಿಳಿಸಬೇಕಾದರೆ ಅವರವರ ಮೈಯಿಂದಲೇ ಶುರು ಮಾಡಬೇಕು ಎಂದು ಶಿವರತ್ನಮ್ಮನವರಿಗೆ ಹೊಳೆಯಿತು. ಜಗಲಿಯ ಮುಂದೆ ಒದ್ದೆ ಮರಳು ಹರಡಿ ಒಬ್ಬೊಬ್ಬರನ್ನೇ ನಿಲ್ಲಿಸಿ ಇಳಿಸಿದರು. ಮೂಡಿದ ಹೆಜ್ಜೆಗೆ ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಬಿದಿರಿನ ಸೀಳು ಹಿಡಿದು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ ಕುಯ್ದು, ಕಲ್ಲಿಗೆ ಉಜ್ಜಿ ನುಣುಪು ಮಾಡಿ, ಹರಳೆಣ್ಣೆ ಸವರಿ ಅವರವರ ಕೈಗೆ ಕೊಟ್ಟರು. ಎಲ್ಲ ಕಡ್ಡಿಗಳನ್ನು ಕಲಸಿಟ್ಟು ಕಣ್ಣು ಮುಚ್ಚಿಸಿದರೂ ಮಕ್ಕಳು ತಮ್ಮ ತಮ್ಮ ಕಡ್ಡಿಯನ್ನು ಬೆರಳಿನಲ್ಲೇ ಹುಡುಕಿಕೊಳ್ಳುತ್ತಿದ್ದರು.

ಆ ಮಕ್ಕಳ ಹುಚ್ಚನ್ನು ನೋಡಬೇಕಿತ್ತು. ಹೊಸಿಲು ಅಳೆದರು, ಕರುವಿನ ಬಾಲ ಅಳೆದರು, ನನ್ನ ಬೆತ್ತವನ್ನೂ ಅಳೆದು, "ಮೇಷ್ಟ್ರು ಬೆತ್ತ ನನ್ ಕಾಲ್ಗಿಂತ ಭಾಳ ದೊಡ್ದು" ಎಂದು ವರದಿ ಒಪ್ಪಿಸಿದರು. ಮನೆಗೆ ಒಯ್ಯುತ್ತೇವೆ ಎಂದು ದುಂಬಾಲು ಬಿದ್ದಾಗ ಶಿವರತ್ನಮ್ಮನವರು ಹೂಂ ಎಂದರು. ಅಂದು ಸಂಜೆ ಊರಿನ ಬೀದಿಯಲ್ಲಿ ಮಕ್ಕಳು ಕಡ್ಡಿ ಹಿಡಿದು ಬಗ್ಗಿಕೊಂಡು ಹೋದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಮಾರನೆಯ ಬೆಳಿಗ್ಗೆ ಒಂದು ಮಗುವೂ ಬರಲಿಲ್ಲ. ಜಗಲಿಯ ಮೇಲೆ ಕಡ್ಡಿಗಳು ಬಿದ್ದಿದ್ದವು. ಬೆಳಕು ಹರಿಯುವ ಮುಂಚೆಯೇ ತಾಯಂದಿರು ಬಂದು, ಯಾರಿಗೂ ಮುಖ ತೋರಿಸದೆ ಇಟ್ಟು ಹೋಗಿದ್ದರು.

ಶಿವರತ್ನಮ್ಮನವರು ತಡಿಕೆಯ ಈಚೆಗೆ ಬಂದು, "ಏನಾಯ್ತು ಮೇಷ್ಟ್ರೆ, ಊರಲ್ಲಿ ಏನಾದರೂ ಕಾಯಿಲೆಯಾ?" ಎಂದರು. ನನಗೂ ತಿಳಿಯದು. ಅಷ್ಟರಲ್ಲಿ ಗುಣಿ ತೋಡುವ ನಿಂಗಯ್ಯ ಬಂದು ಶಾಲೆಯ ಬೇಲಿಯ ಹೊರಗೆ ನಿಂತ. ಊರಿನಲ್ಲಿ ಯಾರು ಸತ್ತರೂ ಹೆಣ ಕೂರಿಸುವ ಗುಣಿ ತೆಗೆಯುವವನು ಅವನೇ.

"ಸಾ, ತೆಪ್ಪು ತಿಳ್ಕಬ್ಯಾಡಿ. ಬದ್ಕಿರೋ ಮಕ್ಳ ಪಾದ ಅಳೀಬಾರ್ದು ಅಂತ ಅಮ್ನೋರ್ಗೆ ಯಾರೂ ಯೋಳಿಲ್ವಾ?" ಎಂದ.

ಅವನು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ವೀರಮ್ಮನವರ ಜನರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಆ ಗುಣಿಯ ಉದ್ದ, ಅಗಲ, ಆಳ ಎಲ್ಲವೂ ಸತ್ತವರ ಪಾದದ ಅಳತೆಯಲ್ಲೇ ಆಗಬೇಕು. ಹೆಣದ ಪಾದಕ್ಕೆ ಒಂದು ಕಡ್ಡಿ ಹಿಡಿದು ಮುರಿದುಕೊಂಡು ಹೋಗಿ ಅದರಿಂದಲೇ ನೆಲ ಅಳೆಯುತ್ತಾರೆ. ಸದಾಶಿವಪ್ಪನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದಾಗ ನಿಂಗಯ್ಯ ಹಾಗೆ ಅಳೆದದ್ದನ್ನು ವೀರಮ್ಮ ಪಕ್ಕದಲ್ಲೇ ಕೂತು ಕಂಡಿದ್ದರು. ನೆನ್ನೆ ಸಂಜೆ ಮೊಮ್ಮಗಳು ಅದೇ ಗೋಡೆಯ ಬುಡದಲ್ಲಿ, ತನ್ನ ಪಾದದ ಕಡ್ಡಿಯಿಂದ ನೆಲ ಅಳೆಯುತ್ತಾ ಕೂತಿದ್ದಳು. ರಾತ್ರಿಯೇ ಆ ಮಾತು ಮನೆ ಮನೆಗೂ ಹರಡಿತ್ತು.

ಶಿವರತ್ನಮ್ಮನವರೂ ಅದೇ ಜನ. ಆದರೆ ಅವರ ಕಡೆ ಗುಣಿಯ ವಿಷಯ ಗಂಡಸರದು. ಮನೆಯ ಹೆಣ್ಣುಮಕ್ಕಳ ಮುಂದೆ ಅದನ್ನು ಯಾರೂ ಆಡುವುದಿಲ್ಲ. ಅವರು ಜಗಲಿಯ ಕಂಬ ಹಿಡಿದು ಅಲ್ಲೇ ಕೂತುಬಿಟ್ಟರು. "ಅಯ್ಯೋ, ಎಂಥ ಕೆಲಸ ಮಾಡಿದೆ" ಎಂದು ಒಂದೇ ಸಲ ಹೇಳಿದರು. ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಸೆರಗಿನಲ್ಲಿ ಇಟ್ಟುಕೊಂಡರು. ಪುಟ್ಟಬಸಮ್ಮನ ಕಡ್ಡಿ ಅದರಲ್ಲಿ ಇರಲಿಲ್ಲ.

ಅಂದೇ ವೀರಮ್ಮನವರ ಮನೆಗೆ ಹೋದರು. ವೀರಮ್ಮ ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು, ಯಳಂದೂರಿನ ಕಡೆ ಮಳೆ ಬೆಳೆ ಹೇಗೆಂದು ಕೇಳಿದರು. ತಪ್ಪಾಯಿತೆಂದು ಇವರು ಕೈ ಮುಗಿದಾಗ, "ನೀನು ಓದ್ದೋಳು ಕಣವ್ವ. ನಾನು ಕಂಡೋಳು. ಇನ್ ಆ ಮಾತ್ ಬ್ಯಾಡ" ಎಂದರು. ಬಾಗಿಲ ಸಂದಿಯಲ್ಲಿ ಪುಟ್ಟಬಸಮ್ಮ ನಿಂತಿದ್ದಳು. ಅಜ್ಜಿಯ ದನಿ ಕೇಳಿ ಒಳಗೆ ಸರಿದಳು.

ವೀರಮ್ಮ ಕಳಿಸದೆ ಊರಿನ ಯಾರೂ ಕಳಿಸುವಂತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮಕ್ಕಳು ಸೇರದಿದ್ದರೆ ಬಾಲವಾಡಿ ಮುಚ್ಚಿ ನೀವು ಊರಿಗೆ ಹೊರಡಿ ಎಂದು ಚಿಕ್ಕಮಾದಪ್ಪನವರು ಹೇಳಿಬಿಟ್ಟರು. ಬೀರುವಿನ ಪೆಟ್ಟಿಗೆ ಹೊಸದಾಗಿಯೇ ಉಳಿಯಿತು ಎಂದು ಅವರಿಗೆ ಒಳಗೊಳಗೇ ಸಮಾಧಾನವಾಗಿರಬೇಕು. ಆದರೆ ಶಿವರತ್ನಮ್ಮನವರಿಗೆ ಕೆಲಸದ ಚಿಂತೆಗಿಂತ ಆ ಮಗುವಿನ ಚಿಂತೆ. "ಅವಳು ಊಟ ಮಾಡ್ತಿದ್ದಾಳೋ ಇಲ್ಲವೋ ಮೇಷ್ಟ್ರೆ. ಇಲ್ಲಿ ತಿನ್ನೋದು ಈಗಷ್ಟೇ ಕಲಿತಿದ್ದಳು" ಎಂದು ಅಡುಗೆಯ ಒಲೆ ಹಚ್ಚಿ, ಪುಡಿಹಾಲು ಕಲಸಿ, ಬಾಗಿಲು ನೋಡುತ್ತಾ ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಆ ಹಾಲನ್ನು ನನ್ನ ಹುಡುಗರು ಕುಡಿದರು.

ದೀಪಾವಳಿ ಹೋಯಿತು, ಚಳಿ ಬಂತು. ಬೆಳಗಿನ ಮಂಜಿನಲ್ಲಿ ಬೆಟ್ಟಗಳೂ ಇಲ್ಲ, ಊರೂ ಇಲ್ಲ, ಎಲ್ಲೋ ಎತ್ತಿನ ಗಂಟೆ ಮಾತ್ರ. ತಡಿಕೆಯ ಆ ಕಡೆ ಒಂದೇ ದನಿ. ಅವರು ಒಬ್ಬರೇ ಕೂತು ಬಳೆಗಳನ್ನು ಜೋಡಿಸುವ ಕಿಣಿಕಿಣಿ ಕೇಳುತ್ತಿತ್ತು. ಒಮ್ಮೊಮ್ಮೆ, ತಮಗೇ ಗೊತ್ತಿಲ್ಲದೆಯೋ ಏನೋ, "ಅದಕ್ಕಿಂತ ಚಿಕ್ಕದೂ..." ಎಂದು ಮೆಲ್ಲಗೆ ಅಂದುಕೊಳ್ಳುತ್ತಿದ್ದರು. ನನ್ನ ಹುಡುಗರು ಮಗ್ಗಿ ನಿಲ್ಲಿಸಿ ಕಿವಿಗೊಡುತ್ತಿದ್ದರು. ನನಗೂ ಗದರಲು ಮನಸ್ಸು ಬರುತ್ತಿರಲಿಲ್ಲ. ಒಂದು ನಿದ್ದೆಯೊಳಗೆ ಇಡೀ ಶಾಲೆ ಕೂತಿದೆ ಅನಿಸುತ್ತಿತ್ತು. ನನಗೆ ಸಂಕಟವಾಗುತ್ತಿತ್ತು, ಸಂಕಟ ಎಂದರೆ ನನಗೆ ಕೋಪ ಎಂದೇ ಅರ್ಥ.

ಕೋಪ ತಡೆಯಲಾರದೆ ಒಂದು ದಿನ ನಾನೇ ವೀರಮ್ಮನವರ ಮನೆಗೆ ನುಗ್ಗಿದೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಅವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಕೂಗಾಡಿದೆ: ಒಂದು ಬಿದಿರು ಸೀಳಿಗೆ ಹೆದರಿ ಮಗುವಿನ ಹೊಟ್ಟೆಗೆ ಕಲ್ಲು ಹಾಕುತ್ತೀರಾ, ಅಷ್ಟು ಭಯವಿದ್ದರೆ ಆ ಕಡ್ಡಿ ಬಿಸಾಕಿ, ಮುಗಿಯಿತು, ಎಂದೆಲ್ಲ. ಅವರು ಪೂರ್ತಿ ಕೇಳಿದರು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಪುಟ್ಟಬಸಮ್ಮನ ಕಡ್ಡಿ.

"ಅಲ್ಲಿಂದ ಇಲ್ಲೀಗಂಟ ಇದ್ನ ಸ್ವಾಂಟದಲ್ಲಿ ಮಡಿಕಂಡಿವ್ನಿ ಮೇಷ್ಟ್ರೆ. ನೀವೇ ಯೋಳಿ, ಏನ್ ಮಾಡ್ಲಿ? ಒಲ್ಗಾಕಂಗಿಲ್ಲ, ಮಗೀನ್ ಅಳ್ತೆ, ಸುಟ್ಟಂಗಾಯ್ತದೆ. ಮಣ್ಣಾಗ್ ಊಳಂಗಿಲ್ಲ. ನೀರ್ಗ್ ಬುಡಂಗಿಲ್ಲ. ಮುರ್ಯಂಗಂತೂ ಇಲ್ಲ. ಬಿಸಾಕುದ್ರೆ ಯಾರ್ ಕಾಲಡಿಗ್ ಬಿದ್ದಾತೋ. ಮನ್ಗುವಾಗ್ಲೂ ಕೈ ಮೇಲ್ ಮಡಿಕಂಡೇ ಮನ್ಗದು. ನೀವು ಮೇಷ್ಟ್ರು, ಯೋಳಿ."

ಜೀವನದಲ್ಲಿ ಅಷ್ಟು ಪೆಚ್ಚಾಗಿ ನಾನು ಯಾರ ಮನೆಯಿಂದಲೂ ಇಳಿದು ಬಂದಿಲ್ಲ.

ನಡೆದದ್ದನ್ನು ಶಿವರತ್ನಮ್ಮನವರಿಗೆ ಹೇಳಿದೆ. ಅವರು ಬಳೆ ಜೋಡಿಸುತ್ತಿದ್ದ ಕೈ ನಿಲ್ಲಿಸಿದರು. "ಕಡ್ಡಿ ಹಾಗೇ ಇದೆಯಾ? ಮುರಿದಿಲ್ಲ, ಸವೆದಿಲ್ಲ?" ಎಂದು ಕೇಳಿದರು. ಹಾಗೇ ಇದೆ ಎಂದೆ. ಹಳೆಯ ಬಿದಿರು ಸೀಳು, ಚಾಕು ಎತ್ತಿಕೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟುಬಿಟ್ಟರು. ನಾನು ಹಿಂದೆ ಓಡಿದೆ. ಅರ್ಧ ದಾರಿಯಲ್ಲಿ ಅವರ ಯೋಚನೆ ನನಗೆ ಹೊಳೆಯಿತು. ಆ ಕಡ್ಡಿ ಕುಯ್ದದ್ದು ದೀಪಾವಳಿಗೂ ಮುಂಚೆ. ಅಲ್ಲಿಂದೀಚೆಗೆ ಮಗು ಬೆಳೆದಿದ್ದರೆ ಸರಿ, ಕಡ್ಡಿ ಇನ್ನು ಅದರ ಅಳತೆಯಲ್ಲ. ಆದರೆ ಅದು ಬೆಳೆಯದ ಮಗು. ಹಾಲೂ ಬಿಟ್ಟಿತ್ತು. ಪಾದ ಇನ್ನೂ ಆ ಕಡ್ಡಿಗೆ ಸರಿಯಾಗಿಯೇ ಇದ್ದರೆ ವೀರಮ್ಮನ ಭಯಕ್ಕೆ ಮುದ್ರೆ ಒತ್ತಿದಂತಾಗುತ್ತಿತ್ತು, ಆಮೇಲೆ ಆ ಮಗುವನ್ನು ಆ ಮನೆಯಿಂದ ಹೊರಗೆ ಕರೆಯಲು ಯಾರಿಂದಲೂ ಆಗುತ್ತಿರಲಿಲ್ಲ.

"ಬೆಳೆದಿಲ್ಲದಿದ್ದರೆ?" ಎಂದೆ.

"ಗೊತ್ತಿಲ್ಲ ಮೇಷ್ಟ್ರೆ" ಎಂದರು. ನಡಿಗೆ ನಿಲ್ಲಿಸಲಿಲ್ಲ. "ಮುಟ್ಟದೆ ಹೇಗೆ ಹೇಳಲಿ?"

ವೀರಮ್ಮ ಇನ್ನೂ ಜಗಲಿಯಲ್ಲೇ ಇದ್ದರು. ಪಕ್ಕದಲ್ಲಿ, ಎಳೆ ಬಿಸಿಲಿನಲ್ಲಿ, ಪುಟ್ಟಬಸಮ್ಮ ಅವರೆಕಾಳುಗಳನ್ನು ದಪ್ಪ ಸಣ್ಣ ಎಂದು ಸಾಲಾಗಿ ಜೋಡಿಸುತ್ತಿದ್ದಳು. ಶಿವರತ್ನಮ್ಮನವರು ಅಂಗಳದ ನೆಲದ ಮೇಲೆ ಕೂತರು. "ಅಜ್ಜಿ, ಆ ಕಡ್ಡೀನ ಒಂದೇ ಒಂದು ಸಲ ಮಗುವಿನ ಪಾದಕ್ಕೆ ಹಿಡಿದು ನೋಡಿ. ನಾನು ಮುಟ್ಟೋದಿಲ್ಲ. ನೀವೇ ನೋಡಿ" ಎಂದರು.

"ಒಂದ್ಸಲ ಅಳ್ದಿದ್ದು ಸಾಲ್ದಾ ನಿಂಗೆ?" ವೀರಮ್ಮನ ದನಿ ಒರಟಾಯಿತು. ಕಡ್ಡಿಯನ್ನು ಎದೆಗೆ ಒತ್ತಿಕೊಂಡರು.

ಪುಟ್ಟಬಸಮ್ಮ ತಲೆ ಎತ್ತಿದಳು. ಅಜ್ಜಿಯ ಮುಷ್ಟಿಯಿಂದ ಇಣುಕುತ್ತಿದ್ದ ಬಿದಿರಿನ ತುದಿ ಕಂಡಿತು. "ನನ್ ಕಡ್ಡಿ" ಎಂದು ಎದ್ದು ಬಂದು ಎಳೆದಳು. ಅಜ್ಜಿ ಬಿಡಲಿಲ್ಲ, ಮುರಿದೀತೆಂದು ಬಿಗಿಯಾಗಿ ಹಿಡಿಯಲೂ ಇಲ್ಲ, ಕಡ್ಡಿ ಮಗುವಿನ ಕೈಗೆ ಬಂತು. ಅವಳು ಜಗಲಿಯ ಮೇಲೆ ಅದನ್ನು ಮಲಗಿಸಿ, ಪಕ್ಕದಲ್ಲಿ ಪಾದ ಊರಿ, ಬಾಲವಾಡಿಯಲ್ಲಿ ಮಾಡುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿದಳು. ಹಿಮ್ಮಡಿಯ ಹತ್ತಿರ ಮುಟ್ಟಿದಳು. ಬೆರಳನ್ನು ಹಾಗೇ ಮುಂದಕ್ಕೆ ಒಯ್ದಳು. ತುದಿಗೆ ಬಂದಾಗ ನಿಲ್ಲಿಸಿದಳು, ಹಿಂದಕ್ಕೆ ಹೋದಳು, ಮತ್ತೆ ಬಂದಳು. ಬೀದಿಯಲ್ಲಿ ಒಂದು ಗಾಡಿ ಕೀರಿಡುತ್ತಾ ಹೋಯಿತು, ಅದರ ಸದ್ದು ತೀರುವವರೆಗೂ ಆ ಮಗು ಕಣ್ಣು ತೆರೆಯಲಿಲ್ಲ.

"ಇದ್ ನಂದಲ್ಲ ಅಜ್ಜಿ" ಎಂದಳು. "ಚಿಕ್ದು."

ವೀರಮ್ಮ ಅವರೆಕಾಯಿಯ ಮೊರವನ್ನು ಸರಿಸಿ ಮೊಣಕಾಲೂರಿದರು. ಅವರ ಪೊರೆಗಣ್ಣಿಗೆ ಆ ಸಣ್ಣ ಅಂತರ ಕಾಣುವಂತಿರಲಿಲ್ಲ. ಹೆಬ್ಬೆರಳಿನಲ್ಲಿ ಮೊಮ್ಮಗಳ ಹಿಮ್ಮಡಿ ಹುಡುಕಿದರು, ಕಡ್ಡಿಯ ಬುಡ ಹುಡುಕಿದರು, ಎರಡನ್ನೂ ಸಮ ಮಾಡಿದರು. ಬೆರಳು ಕಡ್ಡಿಯ ಉದ್ದಕ್ಕೂ ಹೋಗಿ ತುದಿ ಮುಟ್ಟಿತು. ಅಲ್ಲಿ ಕಡ್ಡಿ ಮುಗಿದಿತ್ತು. ಮಗುವಿನ ಹೆಬ್ಬೆರಳು ಇನ್ನೂ ಮುಂದಿತ್ತು. ಹೆಚ್ಚೇನಲ್ಲ, ಒಂದು ಅವರೆಕಾಳು ಹಿಡಿಸುವಷ್ಟು. ಆ ಜಾಗದಲ್ಲಿ ಅವರ ಬೆರಳು ಬಹಳ ಹೊತ್ತು ನಿಂತಿತು.

"ಅವ್ನಿಗ್ ಸರೀಗಿತ್ತು ಕಣವ್ವ" ಎಂದರು. "ನಿಂಗಯ್ಯ ಇಟ್ ನೋಡ್ದ, ಸರೀಗಿತ್ತು. ನಾನೂ ಮುಟ್ ನೋಡ್ದಿ. ಒಂದ್ ಎಳೆ ಎಚ್ಚಿಲ್ಲ, ಕಮ್ಮಿ ಇಲ್ಲ." ಮಗ ಸತ್ತಾಗಲೂ ಅತ್ತವರಲ್ಲ ಎಂದು ಊರವರು ಹೇಳುತ್ತಿದ್ದ ಆ ಹೆಂಗಸು ಮೊಮ್ಮಗಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ಶಿವರತ್ನಮ್ಮನವರೂ ಅತ್ತರು. ನಾನು ಬೀದಿಯ ಕಡೆ ತಿರುಗಿ ನಿಂತೆ.

ಸ್ವಲ್ಪ ಹೊತ್ತಾದ ಮೇಲೆ ವೀರಮ್ಮ ಎದ್ದರು. ಆ ಕಡ್ಡಿಯನ್ನು ಒಳಗೆ ಒಯ್ದು, ರಾಗಿ ಹಿಟ್ಟಿಗೆ ಎಸರಿಟ್ಟಿದ್ದ ಒಲೆಗೆ, ಸೌದೆ ಪುರಲೆಯ ಜೊತೆ ಒಂದು ಪುರಲೆಯಂತೆ ತಳ್ಳಿ ಬಂದರು. ಮೊಮ್ಮಗಳನ್ನು ಎತ್ತಿ ಶಿವರತ್ನಮ್ಮನವರ ಮಡಿಲಲ್ಲಿ ಕೂರಿಸಿ, ಆ ಪುಟ್ಟ ಪಾದವನ್ನು ಮುಂದಕ್ಕೆ ಚಾಚಿಸಿದರು.

"ಬ್ಯಾರೆ ಕುಯ್ಕೊಡು" ಎಂದರು. "ಒಸಿ ಉದ್ದಕ್ಕೇ ಕುಯ್ಯಿ ನನ್ನವ್ವ."

ಒಂದು ದಿನವೂ ಕೂದಲೆಳೆಯಷ್ಟು ಅಳತೆ ತಪ್ಪದ ಶಿವರತ್ನಮ್ಮನವರು ಅಂದು ಒಂದು ಬೆರಳಿನಷ್ಟು ಹೆಚ್ಚಿಗೆ ಬಿಟ್ಟು ಕುಯ್ದರು.